ರೋಡ್ಸ್ ವಿದ್ಯಾರ್ಥಿವೇತನ: ಅರ್ಜಿ ಹಾಕುವ ಮುನ್ನವೇ ಹಿಂದೆ ಸರಿಯಬೇಡಿ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಲು ಕೊಡುವ ರೋಡ್ಸ್ ವಿದ್ಯಾರ್ಥಿವೇತನದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅದನ್ನು ಪಡೆದಿದ್ದ ನಾಟಕಕಾರ ಗಿರೀಶ ಕಾರ್ನಾಡರಿಂದಾಗಿ ಅದು ಮನೆಮಾತಾಗಿದೆ. ಆದರೂ ನಮ್ಮ ಪದವಿ ಕಾಲೇಜುಗಳ ಎಷ್ಟೋ ಜಾಣ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಅವರನ್ನು ತಡೆಯುವುದು ಹೆಚ್ಚಾಗಿ ಬಾಯಿಂದ ಬಾಯಿಗೆ ಹರಿದ ತಪ್ಪು ಮಾಹಿತಿ.

ತಪ್ಪು ಕಲ್ಪನೆ: ಮಹಾನಗರಗಳ ಹೆಸರಾಂತ ಕಾಲೇಜಿನ ರ‍್ಯಾಂಕ್ ವಿದ್ಯಾರ್ಥಿಗಳಿಗಷ್ಟೇ ಸಿಗುತ್ತದೆ.

ಸತ್ಯ: ಕಾರ್ನಾಡರು ಬಿ.ಎ. ಮುಗಿಸಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ. 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಕಲಿತರು. ಅಲ್ಲಿನ ಪ್ರಸಿದ್ಧ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಒಳ್ಳೆಯ ಅಂಕಗಳಿಲ್ಲದೆ ಆಯ್ಕೆಯಾಗುವುದಿಲ್ಲ, ನಿಜ. ಆದರೆ ಅಂಕಗಳು ಬಾಗಿಲವರೆಗೆ ತಂದು ಬಿಡುತ್ತವೆ, ಅಷ್ಟೆ. ತನ್ನ ಶಕ್ತಿಯನ್ನು ಪೂರ್ತಿ ಬಳಸುವ ಹುರುಪು, ಸತ್ಯನಿಷ್ಠೆ, ಧೈರ್ಯ, ದುರ್ಬಲರ ಬಗೆಗಿನ ಕಾಳಜಿ, ಮುಂದಾಳತನ ಇವೆಲ್ಲ ಆಯ್ಕೆಯ ಅಳತೆಗೋಲುಗಳು. ಈ ವಿದ್ಯಾರ್ಥಿವೇತನಕ್ಕೆ ಹಣ ಬಿಟ್ಟುಹೋದ ಸೆಸಿಲ್ ರೋಡ್ಸ್ ತನ್ನ ಉಯಿಲಿನಲ್ಲಿ ಕ್ರಿಕೆಟ್, ಫುಟ್‌ಬಾಲಿನಂಥ ಆಟಗಳನ್ನೂ ಹೆಸರಿಸಿದ್ದರಿಂದ ಕ್ರೀಡಾಪಟುವೇ ಆಗಿರಬೇಕೆಂಬ ಭಾವನೆಯೂ ಉಳಿದುಕೊಂಡಿದೆ. ಈಗ ಆಟದ ಜಾಗದಲ್ಲಿ ನಾಟಕ, ಸಂಗೀತ, ಊರಿನ ಕೆಲಸ ಯಾವುದೂ ನಿಲ್ಲಬಹುದು.

ತಪ್ಪು ಕಲ್ಪನೆ: ಆದಾಯ ಪ್ರಮಾಣಪತ್ರ ಬೇಕು, ಆಮೇಲೆ ಬಾಂಡ್ ಬರೆದುಕೊಡಬೇಕು.

ಸತ್ಯ: ಎರಡೂ ಬೇಡ. ಸ್ಕಾಲರ್‌ಶಿಪ್ ಎಂದೊಡನೆ ತಹಶೀಲ್ದಾರ್ ಕಚೇರಿ ನೆನಪಾಗುವುದು ನಮ್ಮಲ್ಲಿ ಸಹಜ. ಇದು ಯೋಗ್ಯತೆಯ ಮೇಲೆ ಕೊಡುವಂಥದ್ದು, ಮನೆಯ ವರಮಾನ ಲೆಕ್ಕಕ್ಕೆ ಬರುವುದಿಲ್ಲ. ಬಡ ಮನೆಯ ವಿದ್ಯಾರ್ಥಿಗೂ ಅಳುಕು ಬೇಡ: ಶುಲ್ಕ, ಜೀವನವೆಚ್ಚದ ಭತ್ಯೆ, ವೀಸಾ ಖರ್ಚು, ಹೋಗಿಬರುವ ವಿಮಾನ ಟಿಕೆಟ್ ಎಲ್ಲವೂ ಇದರಲ್ಲಿ ಸೇರಿವೆ. ಓದಿದ ಮೇಲೆ ಇಂಥಲ್ಲೇ ದುಡಿಯಬೇಕೆಂಬ ಬಾಂಡೂ ಇಲ್ಲ: ಓದು ಮುಗಿಸಿದ ಕಾರ್ನಾಡರು ಮದರಾಸಿಗೆ ಬಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಸೇರಿದ್ದು ಯಾವ ಕರಾರಿಗೂ ಕಟ್ಟುಬಿದ್ದಲ್ಲ.

ತಪ್ಪು ಕಲ್ಪನೆ: ಇದು ಬ್ರಿಟಿಷ್ ಸರ್ಕಾರದ ಯೋಜನೆ, ಆಯ್ಕೆಯಾದರೆ ಸೀಟೂ ಸಿಕ್ಕಂತೆ.

ಸತ್ಯ: ಸರ್ಕಾರದ್ದು ಚೀವನಿಂಗ್ ಎಂಬ ಬೇರೆ ವಿದ್ಯಾರ್ಥಿವೇತನ. ರೋಡ್ಸ್ ಒಂದು ಟ್ರಸ್ಟಿನದು. ಆಯ್ಕೆಯಾದ ಮೇಲೂ ಆಕ್ಸ್‌ಫರ್ಡಿಗೆ ಬೇರೆಯಾಗಿ ಅರ್ಜಿ ಹಾಕಿ ಪ್ರವೇಶ ಪಡೆಯಬೇಕು.

ತಪ್ಪು ಕಲ್ಪನೆ: ಮೊದಲಿನಿಂದಲೂ ಎಲ್ಲರಿಗೂ ತೆರೆದಿತ್ತು.

ಸತ್ಯ: ಈ ಮಾತು ಕೇಳಿದಾಗ ಸುಮ್ಮನಿರಲಾಗುವುದಿಲ್ಲ. ರೋಡ್ಸ್ ಬಿಟ್ಟುಹೋದ ಹಣ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ, ಕಪ್ಪು ಜನರ ದುಡಿಮೆಯಿಂದ ಬಂದ ಸಂಪತ್ತು. ಜನಾಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದು ಉಯಿಲಿನಲ್ಲಿದ್ದರೂ, 1907ರಲ್ಲಿ ಆಯ್ಕೆಯಾದ ಆಫ್ರಿಕನ್ ಅಮೆರಿಕನ್ ತತ್ತ್ವಜ್ಞಾನಿ ಅಲೈನ್ ಲಾಕ್ ಅವರನ್ನು ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಹರ್ಟ್‌ಫರ್ಡ್ ಕಾಲೇಜು ಒಪ್ಪಿತು. ಅವರ ಬಳಿಕ ಮತ್ತೊಬ್ಬ ಆಫ್ರಿಕನ್ ಅಮೆರಿಕನ್ ಆಯ್ಕೆಯಾಗಲು 1960ರ ದಶಕವೇ ಬರಬೇಕಾಯಿತು. ಹೆಣ್ಣುಮಕ್ಕಳು ಕಾಲಿಟ್ಟದ್ದು 1977ರಲ್ಲಿ. 2015ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೋರಾಡಿ ರೋಡ್ಸ್ ಪ್ರತಿಮೆಯನ್ನು ಆವರಣದಿಂದ ತೆಗೆಸಿದರು. ಅರ್ಜಿ ಹಾಕುವವರು ಈ ಚರಿತ್ರೆಯನ್ನು ಓದಿಕೊಂಡೇ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣ ಪಡೆದವರು ಆ ಮನುಷ್ಯನನ್ನು ಹೊಗಳಬೇಕೆಂದೇನಿಲ್ಲ. ಅವನ ಹೆಸರಿನ ವಿದ್ಯಾರ್ಥಿವೇತನ ಪಡೆದವರೂ ಅವನ ವಿರುದ್ಧ ದನಿ ಎತ್ತಿದ್ದಾರೆ.

ತಪ್ಪು ಕಲ್ಪನೆ: ದೊಡ್ಡವರ ಶಿಫಾರಸು ಪತ್ರ ಬೇಕು.

ಸತ್ಯ: ಶಾಸಕರ, ಕುಲಪತಿಗಳ ಪತ್ರಕ್ಕೆ ಓಡಾಡಿ ದಿನ ಕಳೆಯಬೇಡಿ. ಓದಿನ ಬಗ್ಗೆ ಬರೆಯಬೇಕಾದವರು ನಿಮಗೆ ನಿಜವಾಗಿ ಪಾಠ ಹೇಳಿ, ನಿಮ್ಮ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರು. ನಿಮ್ಮ ಬಗ್ಗೆ ನೀವು ಬರೆಯುವ ಹೇಳಿಕೆಯನ್ನು ಮಾತ್ರ ಅವರಿಗೂ ತೋರಿಸಿ ತಿದ್ದಿಸಿಕೊಳ್ಳುವಂತಿಲ್ಲ. ಅದು ಪೂರ್ತಿ ನಿಮ್ಮದೇ ಬರಹವೆಂದು ಸಹಿ ಹಾಕಿ ಕೊಡಬೇಕು.