ಹಡಗಿನ ಅಡಿಯಲ್ಲಿ ಎಷ್ಟು ನೀರಿದೆ?

ಮಂಗಳೂರು, ಉಡುಪಿ ಕಡೆಯಿಂದ ಮುಂಬೈಗೆ ಬಂದವರಿಗೆ ಇಲ್ಲಿನ ಕಡಲು ಬೇರೆಯೇ ಎನಿಸುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಅದು ಕೆಲವೊಮ್ಮೆ 4 ಮೀಟರ್ ದಾಟುತ್ತದೆ. ಹಾಜಿ ಅಲಿ ದರ್ಗಾದ ದಾರಿ ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ತೆರೆದುಕೊಳ್ಳುವುದು ಇದರಿಂದಲೇ. ಬಂದರಿನ ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗುಗಳಲ್ಲಿ ಕೆಲವು ಕಾಯುವುದೂ ಇದೇ ಉಬ್ಬರಕ್ಕೆ.

ಹಡಗಿನ ತಳ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ ಎಂಬುದೇ ಡ್ರಾಫ್ಟ್. ಸರಕು ತುಂಬಿದಷ್ಟೂ ಅದು ಹೆಚ್ಚುತ್ತದೆ. ಕಡಲ ನಕ್ಷೆಯಲ್ಲಿ ಅಚ್ಚಾದ ಆಳವಾದರೋ ನೀರು ತೀರಾ ಇಳಿದಾಗಿನ ಮಟ್ಟದಿಂದ ಅಳೆದದ್ದು. ಅದಕ್ಕೆ ಆ ಹೊತ್ತಿನ ಉಬ್ಬರವನ್ನು ಕೂಡಿಸಬೇಕು. ಉದಾಹರಣೆಗೆ, ನಕ್ಷೆಯ ಆಳ 11 ಮೀಟರ್, ಉಬ್ಬರ 2.5 ಮೀಟರ್ ಎಂದರೆ ಒಟ್ಟು 13.5. ಹಡಗಿನ ಡ್ರಾಫ್ಟ್ 12 ಇದ್ದರೆ ತಳದಡಿ ಉಳಿಯುವುದು ಒಂದೂವರೆ ಮೀಟರ್.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಆಳ ಕಡಿಮೆಯಿರುವಲ್ಲಿ ಹಡಗು ಓಡುವಾಗ ತಳದಡಿಯ ನೀರು ವೇಗವಾಗಿ ಹಿಂದಕ್ಕೆ ಹರಿಯುತ್ತದೆ, ಅಲ್ಲಿ ಒತ್ತಡ ತಗ್ಗುತ್ತದೆ, ಹಡಗು ಇನ್ನಷ್ಟು ಕೆಳಗಿಳಿಯುತ್ತದೆ. ಇದಕ್ಕೆ ನಾವಿಕರು ಸ್ಕ್ವಾಟ್ ಎನ್ನುತ್ತಾರೆ. ವೇಗ ಎರಡು ಪಟ್ಟಾದರೆ ಈ ಕುಸಿತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅಲೆಗಳ ಓಲಾಟ, ತಳದಲ್ಲಿ ಹೊಸದಾಗಿ ಕೂತ ಹೂಳು ಉಳಿದದ್ದನ್ನೂ ತಿನ್ನುತ್ತವೆ.

1992ರ ಆಗಸ್ಟ್ 7ರ ರಾತ್ರಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ‘ಕ್ವೀನ್ ಎಲಿಜಬೆತ್ 2’ ಎಂಬ ಹೆಸರಾಂತ ಪ್ರಯಾಣಿಕ ಹಡಗಿನ ತಳ ಬಂಡೆಗೆ ಉಜ್ಜಿತು. ವೇಗ ಸುಮಾರು 25 ನಾಟ್. ನಕ್ಷೆಯಲ್ಲಿ ಅಲ್ಲಿ 39 ಅಡಿ ನೀರಿತ್ತು. ಆ ಅಂಕಿ 1939ರ ಸಮೀಕ್ಷೆಯದು. ಬಂಡೆ ನಕ್ಷೆ ಹೇಳಿದ್ದಕ್ಕಿಂತ ಮೇಲಿತ್ತು, ಹಡಗು ಅಂದುಕೊಂಡದ್ದಕ್ಕಿಂತ ಕೆಳಗಿಳಿದಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಪೈಲಟ್, ಕ್ಯಾಪ್ಟನ್ ಮತ್ತು ಅಧಿಕಾರಿಗಳು ದಾರಿಯ ಬಗ್ಗೆ ಮೊದಲೇ ಕೂತು ಮಾತಾಡಿ ಒಪ್ಪಿಕೊಂಡಿರಲಿಲ್ಲ ಎಂಬುದನ್ನೇ ತನಿಖಾ ಮಂಡಳಿ ಮುಖ್ಯ ಕಾರಣವೆಂದಿತು.

ನಮ್ಮಲ್ಲಿ ಅನೇಕರು ಸರಕು ಸಾಗಣೆ, ಆಮದು-ರಫ್ತು ಕಚೇರಿಗಳಲ್ಲಿ ದುಡಿಯುವವರು. ಹಡಗು ತಡವಾದರೆ ಫೋನ್ ಮೇಲೆ ಫೋನ್ ಮಾಡುವವರೂ ನಾವೇ. ಮುಂದಿನ ಉಬ್ಬರಕ್ಕೆ ಕಾಯಬೇಕಾದದ್ದು ಸುಮಾರು ಹನ್ನೆರಡೂವರೆ ಗಂಟೆ. ನೀರು ಸಾಲದು ಎಂದು ಕ್ಯಾಪ್ಟನ್ ಹೇಳಿದರೆ ಅಷ್ಟು ಹೊತ್ತು ಕಾಯುವುದೇ ಲಾಭ.