ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಶುಗರ್ ಮಾತ್ರೆ ಕಿಡ್ನಿ ಕೆಡಿಸುತ್ತದೆಯೇ?

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳು ಕಿಡ್ನಿಗೆ ಭಾರವಾಗಿ ಅದನ್ನೇ ಕೆಡಿಸುತ್ತವೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಕಂಡವರಿಗೆ ಇದು ನಿಜವೆನಿಸುವುದೂ ಸಹಜ. ಆದರೆ ಹೆದರಿ ಮಾತ್ರೆ ಬಿಟ್ಟರೆ ನಷ್ಟವಾಗುವುದು ಕಿಡ್ನಿಗೇ. ಹಾಗಾಗಿ ವಿಷಯ ಏನೆಂದು ನೋಡೋಣ.

ಮಾತ್ರೆ ಮಾಡುವುದೇನು?

ಆರೋಗ್ಯವಂತರ ಕಿಡ್ನಿಗಳು ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆಯನ್ನು ರಕ್ತದಿಂದ ಸೋಸಿ, ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೇ ಮರಳಿಸುತ್ತವೆ. ಮರಳಿಸುವ ಕೆಲಸದ ಬಹುಪಾಲು ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನಿನದು. ಮಾತ್ರೆ ಅದನ್ನು ತಡೆಯುತ್ತದೆ. ಒಂದಷ್ಟು ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಅಂದರೆ ಈ ಮಾತ್ರೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಕಂಡರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಶುಗರ್ ಹತೋಟಿಯಲ್ಲಿದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆಯೇ ಆಗಬೇಕು.

1835ರಲ್ಲಿ ಸೇಬಿನ ಮರದ ತೊಗಟೆಯಿಂದ ಬೇರ್ಪಡಿಸಿದ ಫ್ಲೋರಿಜಿನ್ ಈ ಔಷಧಿಗಳ ಮೂಲ. ಡಾಪಾಗ್ಲಿಫ್ಲೋಜಿನ್‌ಗೆ 2012ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. 2020ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದು, ಬೆಲೆ ಇಳಿಯಿತು.

ಕಿಡ್ನಿಗೆ ಹಾನಿಯೇ?

ಇಲ್ಲ. ಕಿಡ್ನಿಯ ಸೋಸುಗಗಳೊಳಗಿನ ಒತ್ತಡವನ್ನು ಈ ಮಾತ್ರೆ ತಗ್ಗಿಸುತ್ತದೆ. 2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನದಲ್ಲಿ 4,304 ಕಿಡ್ನಿ ರೋಗಿಗಳಿದ್ದರು. ಕಿಡ್ನಿಯ ಶಕ್ತಿ ಅರ್ಧಕ್ಕಿಳಿಯುವುದು, ಕಿಡ್ನಿ ಪೂರ್ತಿ ಸೋಲುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು, ಇವುಗಳಲ್ಲಿ ಒಂದಾದರೂ ಆದವರು ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ 312, ಡಾಪಾಗ್ಲಿಫ್ಲೋಜಿನ್ ಪಡೆದವರಲ್ಲಿ 197. ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಬಹುದು. ಸಾಮಾನ್ಯವಾಗಿ ಅದು ಅಲ್ಲಿಗೇ ನಿಲ್ಲುತ್ತದೆ.

ಎಚ್ಚರ ಎಲ್ಲಿ ಬೇಕು?

ಮೂತ್ರ ಹೆಚ್ಚುವುದರಿಂದ ಮೈಯ ನೀರು ಇಳಿಯಬಹುದು. ಹುಣಸೂರು, ಪಿರಿಯಾಪಟ್ಟಣ, ಹ್ಯಾಂಡ್‌ಪೋಸ್ಟ್ ಕಡೆ ತಂಬಾಕು ಬ್ಯಾರನ್ ಕಾವಿನಲ್ಲಿ, ಹೊಲದ ಬಿಸಿಲಿನಲ್ಲಿ ದುಡಿಯುವವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಗುಪ್ತಾಂಗದಲ್ಲಿ ತುರಿಕೆ, ಶಿಲೀಂಧ್ರ ಸೋಂಕು ಬಂದರೆ ನಾಚಿಕೆಪಡದೆ ಹೇಳಿ. ವಾಂತಿಭೇದಿ, ದೀರ್ಘ ಉಪವಾಸ, ಆಪರೇಷನ್ ಇದ್ದಾಗ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ವೈದ್ಯರಿಗೆ ಮೊದಲೇ ತಿಳಿಸಿ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿದರೆ ಶುಗರ್ ಹೆಚ್ಚಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ: ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಅಪರೂಪವಾದರೂ ಪ್ರಾಣಕ್ಕೆ ಅಪಾಯ. ಈ ಅಪಾಯ ಟೈಪ್ 1 ಮಧುಮೇಹಿಗಳಿಗೆ ಹೆಚ್ಚು.

ಕೊನೆಯದಾಗಿ, ಈ ಮಾತ್ರೆ ಕಿಡ್ನಿ ಕೆಡಿಸುತ್ತದೆ ಎಂಬುದು ತಪ್ಪು. ಎಲ್ಲರಿಗೂ ಹೊಂದುತ್ತದೆ ಎಂಬುದೂ ಸರಿಯಲ್ಲ. ಫಾರ್ವರ್ಡ್ ನೋಡಿ ಮಾತ್ರೆ ನಿಲ್ಲಿಸಬೇಡಿ, ಪಕ್ಕದ ಮನೆಯವರ ಚೀಟಿ ನೋಡಿ ಶುರುಮಾಡಲೂ ಬೇಡಿ.