ಲೆಕ್ಕಪರಿಶೋಧಕರ ರುಜುವಿನ ಹೊಣೆ

ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಎರೆನೆಲದ ಊರಿನಲ್ಲಿ, ಹೆಸರು, ಹತ್ತಿ, ಮೆಣಸಿನಕಾಯಿ ಮಾರಿ ಕೈಸೇರಿದ ಹಣವನ್ನು ಸಹಕಾರ ಸಂಘದಲ್ಲಿ ಠೇವಣಿಯಿಡುವ ರೈತನು ಅದರ ಕಾರ್ಯದರ್ಶಿಯನ್ನು ಬಲ್ಲನು, ಅಧ್ಯಕ್ಷನನ್ನೂ ಬಲ್ಲನು. ಆದರೆ ವರ್ಷಕ್ಕೊಮ್ಮೆ ಬಂದು, ವಹಿಗಳನ್ನು ಪರಿಶೀಲಿಸಿ, ಅಢಾವೆ ಪತ್ರಿಕೆಯ ಕೆಳಗೆ ರುಜು ಹಾಕಿ ಹೋಗುವ ಲೆಕ್ಕಪರಿಶೋಧಕನ ಮುಖವನ್ನು ಬಹುಶಃ ಕಂಡಿರಲಾರನು. ಆ ರುಜುವು ಸುಳ್ಳಾದರೆ ರುಜು ಹಾಕಿದವನು ಯಾರಿಗೆ, ಎಷ್ಟರಮಟ್ಟಿಗೆ ಉತ್ತರವಾದಿ?

ಈ ಪ್ರಶ್ನೆಯ ಪ್ರಾಚೀನ ಉತ್ತರವೊಂದು ಹತ್ತಿಯ ಗಿರಣಿಯಿಂದಲೇ ಬಂದಿತೆಂಬುದು ನಮ್ಮ ಸೀಮೆಯವರಿಗೆ ಕುತೂಹಲಕರ. ಇಂಗ್ಲೆಂಡಿನ ಕಿಂಗ್‌ಸ್ಟನ್ ಗಿರಣಿಯಲ್ಲಿ ವ್ಯವಸ್ಥಾಪಕನು ದಾಸ್ತಾನಿನ ಬೆಲೆಯನ್ನು ವರ್ಷಗಟ್ಟಲೆ ಹಿಗ್ಗಿಸಿ ಬರೆದಿದ್ದನು. ಅವನ ಪ್ರಮಾಣಪತ್ರವನ್ನು ನಂಬಿದ ಪರಿಶೋಧಕರನ್ನು 1896ರಲ್ಲಿ ಅಲ್ಲಿಯ ನ್ಯಾಯಾಲಯವು, ಪರಿಶೋಧಕನು ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲವೆಂದು ಹೇಳಿ, ಹೊಣೆಯಿಂದ ಮುಕ್ತಗೊಳಿಸಿತು. ಕಳ್ಳನು ಎದುರಿಗೇ ನಡೆದುಹೋದರೂ ಬೊಗಳದ ನಾಯಿಯ ವಿಷಯವಾಗಿ ಆ ತೀರ್ಪು ನಮಗೆ ಸಮಾಧಾನ ಕೊಡದು.

ಇಂದಿನ ಭಾರತೀಯ ವಿಧಿಯು ಇದಕ್ಕಿಂತ ಕಠೋರವಾದುದು. 1949ರ ಸನ್ನದು ಲೆಕ್ಕಪರಿಶೋಧಕರ ಕಾಯಿದೆಯ ಪ್ರಕಾರ, ಕರ್ತವ್ಯದಲ್ಲಿ ಯಥೋಚಿತ ಜಾಗರೂಕತೆಯನ್ನು ವಹಿಸದಿರುವುದು ವೃತ್ತಿದುರಾಚಾರವೇ ಆಗಿದ್ದು, ಅದಕ್ಕಾಗಿ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬಹುದು. 2013ರ ಕಂಪನಿ ಕಾಯಿದೆಯು ಮುಂದುವರಿದು, ತಪ್ಪಿತಸ್ಥನೆಂದು ನಿರ್ಣಯಿಸಲ್ಪಟ್ಟ ಪರಿಶೋಧಕನು ತಾನು ಪಡೆದ ಸಂಭಾವನೆಯನ್ನು ಮರಳಿಸಬೇಕು, ತನ್ನ ತಪ್ಪು ವರದಿಯಿಂದ ಉಂಟಾದ ನಷ್ಟವನ್ನೂ ತುಂಬಿಕೊಡಬೇಕು ಎನ್ನುತ್ತದೆ. ವಂಚಿಸುವ ಉದ್ದೇಶವಿದ್ದುದಾದರೆ ಒಂದು ವರ್ಷದವರೆಗೆ ಸೆರೆಮನೆಯೂ ಉಂಟು. ನಮ್ಮ ಕರ್ನಾಟಕದ ಕಾಫಿ ಡೇ ಸಮೂಹದ ಉಪಕಂಪನಿಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸಂಬಂಧಿಸಿದ ಒಂದು ಸಂಸ್ಥೆಗೆ ಹರಿದುಹೋಯಿತೆಂಬ ಪ್ರಕರಣದಲ್ಲಿ, ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು 2023ರಲ್ಲಿ ಪರಿಶೋಧಕರಿಗೆ ದಂಡ ವಿಧಿಸಿ, ಕೆಲವು ವರ್ಷ ಈ ಕಾರ್ಯದಿಂದಲೇ ಅವರನ್ನು ದೂರವಿರಿಸಿತು. ಆಡಳಿತದವರು ಹೇಳಿದ್ದನ್ನು ನಂಬಿದೆವೆಂಬ ಸಮರ್ಥನೆ ಈಗ ಸಾಕಾಗುವುದಿಲ್ಲ.

ಸಹಕಾರ ಸಂಘದ ಮಾತು ಬೇರೆ. 1905ರಲ್ಲಿ, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದ ಕೆಲವೇ ವರ್ಷಗಳಲ್ಲಿ, 1912ರ ಸಹಕಾರ ಕಾಯಿದೆಯು ವಾರ್ಷಿಕ ಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ಇಂದಿನ 1959ರ ಕರ್ನಾಟಕ ಕಾಯಿದೆಯ 63ನೆಯ ಕಲಮೂ ಅದನ್ನೇ ವಿಧಿಸುತ್ತದೆ. ಆದರೆ ಹಣ ದುರುಪಯೋಗವಾದಾಗ ವಸೂಲಿಗೆ ಅವಕಾಶವೀಯುವ ಅದರ 69ನೆಯ ಕಲಮಿನ ದೃಷ್ಟಿಯು ಮುಖ್ಯವಾಗಿ ಆಡಳಿತದವರ ಮೇಲೂ ನೌಕರರ ಮೇಲೂ ಇದೆ. ಸನ್ನದು ಪಡೆದ ಪರಿಶೋಧಕನ ನಿರ್ಲಕ್ಷ್ಯದ ಬಗ್ಗೆ ದೂರು ಕೊಡಬೇಕಾದರೆ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯ ಶಿಸ್ತಿನ ಅಂಗಕ್ಕೇ ಬರೆಯಬೇಕು, ಮತ್ತು ಆ ದಾರಿ ಸದಸ್ಯನಿಗೂ ತೆರೆದಿದೆ.

ವಾರ್ಷಿಕ ಸಭೆಯಲ್ಲಿ ಹಾರ, ತುರಾಯಿ, ಭಾಷಣಗಳು ಮುಗಿದು ವರದಿಯು ಚಪ್ಪಾಳೆಯೊಡನೆ ಅಂಗೀಕೃತವಾಗುವ ಮುನ್ನ, ಪರಿಶೋಧಕರ ಆಕ್ಷೇಪಣೆಗಳನ್ನು ಗಟ್ಟಿಯಾಗಿ ಓದಿ ಹೇಳಿರೆಂದು ಸದಸ್ಯರಾದ ನೀವು ಎದ್ದು ನಿಂತು ಕೇಳಿರಿ.